ಆಷಾಢದ ಗಾಳಿಯಲ್ಲಿ ಟೂರ್ ಡಿ ಫ್ರಾನ್ಸ್: ಹೊಸ ಸೈಕಲ್ ಪ್ರಿಯರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೋದ ಜುಲೈನಲ್ಲಿ ಮೊದಲ ಸಲ ಟೂರ್ ಡಿ ಫ್ರಾನ್ಸ್ ನೋಡಿದೆ. ಬಿಡಲಿಕ್ಕೇ ಆಗಲಿಲ್ಲ. ಆದರೆ ಅರ್ಧಕ್ಕರ್ಧ ಅರ್ಥವೂ ಆಗಲಿಲ್ಲ. ನಾಲ್ಕೈದು ಗಂಟೆ ಎಲ್ಲರೂ ಗುಂಪಾಗಿ ಹೋಗುತ್ತಾರೆ. ಕೊನೆಗೆ ಒಬ್ಬರು ಗೆಲ್ಲುತ್ತಾರೆ, ಹಳದಿ ಅಂಗಿ ಮಾತ್ರ ಇನ್ನೊಬ್ಬರ ಮೈಮೇಲೆ. ಇದನ್ನು ನೋಡುವುದು ಹೇಗೆ? ಮನೆಯಲ್ಲಿ ಅಣ್ಣನ ಹಳೆ ಸೈಕಲ್ ಇದೆ, ಅದನ್ನೂ ತುಳಿಯಬೇಕು ಅಂತ ಆಸೆ. — ಗದಗದ ಓದುಗರು

ಉತ್ತರ: ನೀವು ಗದಗದವರು ಅನ್ನುವುದು ಒಳ್ಳೆಯದೇ ಆಯಿತು. ಈ ಆಟ ಅರ್ಥವಾಗಬೇಕಾದರೆ ಮೊದಲು ಗಾಳಿ ಅರ್ಥವಾಗಬೇಕು. ಆಷಾಢದ ಗಾಳಿಯ ಬಗ್ಗೆ ನಿಮಗೆ ಯಾರೂ ಪಾಠ ಹೇಳಬೇಕಿಲ್ಲ. ಟೂರ್ ನಡೆಯುವುದೂ ಅದೇ ಹೊತ್ತಿಗೆ.

ಅಂಗಿಯ ಲೆಕ್ಕ ಮೊದಲು ಮುಗಿಸಿಬಿಡೋಣ. ಟೂರ್‌ನಲ್ಲಿ 21 ಹಂತಗಳು, ನಡುವೆ ಎರಡು ದಿನ ವಿಶ್ರಾಂತಿ. ಒಟ್ಟು ದೂರ ಸುಮಾರು 3,400 ಕಿ.ಮೀ. ಪ್ರತಿ ದಿನ ಸವಾರ ತೆಗೆದುಕೊಂಡ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ. ಎಲ್ಲಕ್ಕಿಂತ ಕಡಿಮೆ ಸಮಯ ಯಾರದೋ ಅವರಿಗೆ ಹಳದಿ ಅಂಗಿ. ಗುಂಪಾಗಿ ಗೆರೆ ದಾಟಿದವರಿಗೆಲ್ಲ ಒಂದೇ ಸಮಯ ಕೊಡುತ್ತಾರೆ. ಹಾಗಾಗಿ ಇವತ್ತಿನ ಹಂತ ಗೆದ್ದವರು ಒಟ್ಟು ಲೆಕ್ಕದಲ್ಲಿ ನೂರನೇ ಸ್ಥಾನದಲ್ಲಿ ಇರಬಹುದು. ಹಸಿರು ಅಂಗಿ ಹಂತದ ಕೊನೆಯಲ್ಲೂ ನಡುವಿನ ಗೆರೆಗಳಲ್ಲೂ ಮುಂದೆ ಬಂದವರಿಗೆ ಸಿಗುವ ಅಂಕಗಳಿಗೆ, ಕೆಂಪು ಚುಕ್ಕೆಯದು ಬೆಟ್ಟ ಹತ್ತುವುದಕ್ಕೆ, ಬಿಳಿಯದು 25 ವರ್ಷದವರೆಗಿನ ಯುವಕರಿಗೆ. ಮೊದಲ ವರ್ಷ ಹಳದಿ ಒಂದನ್ನೇ ಗಮನಿಸಿ, ಸಾಕು.

ಇನ್ನು ಗಾಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ಸವಾರನ ಶಕ್ತಿಯ ದೊಡ್ಡ ಪಾಲು ಎದುರಿನ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವರ ಚಕ್ರಕ್ಕೆ ಅಂಟಿಕೊಂಡಂತೆ ಹಿಂದೆ ಹೋದರೆ ಸುಮಾರು ಮೂರನೇ ಒಂದು ಭಾಗ ಶ್ರಮ ಉಳಿಯುತ್ತದೆ. ಅವರೆಲ್ಲ ಗುಂಪಾಗಿ ಹೋಗುವುದು ಇದಕ್ಕೇ. ತಂಡದಲ್ಲಿ ಎಂಟು ಜನ ಇರುತ್ತಾರೆ. ಏಳು ಜನ ಗಾಳಿಗೆ ಎದೆಕೊಟ್ಟು ಒಬ್ಬ ನಾಯಕನನ್ನು ಕಾಪಾಡುತ್ತಾರೆ. ಹಿಂದೆ ಕಾರಿನ ಹತ್ತಿರ ಹೋಗಿ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ಬರುವವರೂ ಅವರೇ. ಅವರ ಹೆಸರು ಪಟ್ಟಿಯ ಕೆಳಗೆಲ್ಲೋ ಇರುತ್ತದೆ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಪ್ರೀತಿ ಈ ಸವಾರರ ಮೇಲೆ. ಒಂದು ದಿನ ಹಳದಿ ಅಂಗಿಯನ್ನು ಬಿಟ್ಟು ಅವನ ಮುಂದೆ ಇರುವ ಸವಾರನನ್ನೇ ನೋಡುತ್ತಾ ಕೂರಿ. ಆಟ ಬೇರೆಯೇ ಕಾಣಿಸುತ್ತದೆ.

ಹಂತ ಶುರುವಾದ ಸ್ವಲ್ಪ ಹೊತ್ತಿಗೇ ನಾಲ್ಕೈದು ಜನ ಗುಂಪು ಬಿಟ್ಟು ಓಡುತ್ತಾರಲ್ಲ, ಅವರನ್ನು ಯಾಕೆ ಸುಮ್ನೆ ಬಿಡುತ್ತಾರೆ? ನಾಲ್ಕು ಜನ ಸರದಿಯಲ್ಲಿ ಗಾಳಿ ಸೀಳುವುದಕ್ಕೂ ನೂರೈವತ್ತು ಜನ ಸೀಳುವುದಕ್ಕೂ ವ್ಯತ್ಯಾಸ ಇದೆ. ಸಂಜೆಯೊಳಗೆ ಹಿಡಿಯಬಹುದು ಅನ್ನುವ ಲೆಕ್ಕ ಗುಂಪಿಗೆ ಇರುತ್ತದೆ. ಕೆಲವು ದಿನ ಆ ಲೆಕ್ಕ ತಪ್ಪುತ್ತದೆ. ಆ ದಿನಗಳಿಗಾಗಿ ಕಾಯುವುದೇ ಒಂದು ಸುಖ.

ಈಗ ನಿಮ್ಮ ಊರಿಗೆ ಬರೋಣ. ಗದಗದಿಂದ ಮುಂಡರಗಿ ಕಡೆ ಹೊರಟರೆ ಆಷಾಢದಲ್ಲಿ ಗಾಳಿ ಬಲಗಡೆಯಿಂದ ಹೊಡೆಯುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಅಡ್ಡಗಾಳಿ ಬಂದಾಗ ನೇರ ಹಿಂದೆ ನಿಂತರೆ ಆಸರೆ ಸಿಗುವುದಿಲ್ಲ. ಗಾಳಿ ಬಲದಿಂದ ಬಂದರೆ ಮುಂದಿನವರ ಎಡಕ್ಕೆ, ಸ್ವಲ್ಪ ಹಿಂದೆ ಇರಬೇಕು. ಟೂರ್‌ನಲ್ಲೂ ಹಾಗೆಯೇ. ಸವಾರರು ರಸ್ತೆಗೆ ಓರೆಯಾಗಿ ಸಾಲು ಕಟ್ಟುತ್ತಾರೆ. ರಸ್ತೆಯ ಅಗಲ ಇರುವಷ್ಟೇ, ಹತ್ತು ಹದಿನೈದು ಜನಕ್ಕೆ ಜಾಗ ಮುಗಿಯುತ್ತದೆ. ಉಳಿದವರು ರಸ್ತೆಯ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ಗಾಳಿಯಲ್ಲಿ ಒದ್ದಾಡುತ್ತಾರೆ. ಒಬ್ಬರ ಕಾಲು ಸೋತು ಒಂದೆರಡು ಮೀಟರ್ ಬಿರುಕು ಬಿಟ್ಟರೆ ಅವರ ಹಿಂದಿದ್ದವರೆಲ್ಲ ಕಳೆದುಹೋದಂತೆ. ಬೆಟ್ಟವೇ ಇಲ್ಲದ ದಿನ ದೊಡ್ಡ ನಾಯಕರು ನಿಮಿಷಗಟ್ಟಲೆ ಸಮಯ ಕಳೆದುಕೊಳ್ಳುವುದು ಹೀಗೆ.

ಗಾಳಿಯ ಬೆಲೆ ಎಷ್ಟು ಅಂತ ಕೇಳಿದರೆ ನಾನು 1989ರ ಟೂರ್ ನೆನಪಿಸುತ್ತೇನೆ. ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ.ಗಳ ಟೈಮ್ ಟ್ರಯಲ್. ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವುದು. ಫ್ರಾನ್ಸಿನ ಲೊರಾಂ ಫಿನ್ಯಾಂ 50 ಸೆಕೆಂಡ್ ಮುಂದಿದ್ದರು. ಇಷ್ಟು ಕಡಿಮೆ ದೂರದಲ್ಲಿ ಅಷ್ಟು ಸಮಯ ತುಂಬಿಕೊಳ್ಳಲು ಆಗದು ಅಂತ ಬಹಳ ಜನ ಅಂದುಕೊಂಡಿದ್ದರು. ಅಮೆರಿಕದ ಗ್ರೆಗ್ ಲೆಮಾಂಡ್ ತಮ್ಮ ಹ್ಯಾಂಡಲ್‌ಗೆ ಮುಂದಕ್ಕೆ ಚಾಚಿದ ಹೊಸ ಬಾರ್‌ಗಳನ್ನು ಹಾಕಿಸಿಕೊಂಡಿದ್ದರು. ಮೊಣಕೈ ಒಳಗೆ ಸೇರಿಸಿ, ಬೆನ್ನು ಬಗ್ಗಿಸಿ, ಗಾಳಿಗೆ ಸಿಗದಂತೆ ಓಡಿದರು. ತಲೆಗೆ ಗಾಳಿ ಸೀಳುವ ಹೆಲ್ಮೆಟ್. ಫಿನ್ಯಾಂ ಹೆಲ್ಮೆಟ್ ಇಲ್ಲದೆ, ಜುಟ್ಟು ಹಾರಿಸಿಕೊಂಡು ಬಂದರು. ಮೂರು ವಾರ, ಮೂರು ಸಾವಿರಕ್ಕೂ ಜಾಸ್ತಿ ಕಿ.ಮೀ. ಆದಮೇಲೆ ಲೆಮಾಂಡ್ ಗೆದ್ದದ್ದು 8 ಸೆಕೆಂಡ್‌ಗಳಿಂದ. ಟೂರ್‌ನ ಚರಿತ್ರೆಯಲ್ಲಿ ಅದಕ್ಕಿಂತ ಸಣ್ಣ ಅಂತರ ಇಲ್ಲ.

ಹಂತಗಳು ಮುಗಿಯುವುದು ನಮ್ಮ ಸಮಯ ರಾತ್ರಿ 9ರ ಆಸುಪಾಸು. ಸಮತಟ್ಟಾದ ದಿನ ಕೊನೆಯ ಮುಕ್ಕಾಲು ಗಂಟೆ ನೋಡಿದರೆ ಸಾಕು. ಬೆಟ್ಟದ ದಿನ ಎರಡು ಗಂಟೆ ಮೀಸಲಿಡಿ. ಈಚಿನ ವರ್ಷಗಳ ದೊಡ್ಡ ಪೈಪೋಟಿ ಸ್ಲೊವೇನಿಯಾದ ತಾದೆ ಪೊಗಾಚರ್ ಮತ್ತು ಡೆನ್ಮಾರ್ಕಿನ ಯೋನಸ್ ವಿಂಗೆಗೋರ್ ನಡುವಿನದು. 2020ರಿಂದ 2025ರವರೆಗಿನ ಆರೂ ಟೂರ್‌ಗಳನ್ನು ಇವರಿಬ್ಬರೇ ಹಂಚಿಕೊಂಡಿದ್ದಾರೆ: ಪೊಗಾಚರ್‌ಗೆ ನಾಲ್ಕು, ವಿಂಗೆಗೋರ್‌ಗೆ ಎರಡು. 2022ರಲ್ಲಿ ಹೊಸದಾಗಿ ಶುರುವಾದ ಮಹಿಳೆಯರ ಟೂರ್ ಅನ್ನೂ ಬಿಡಬೇಡಿ. ಹಂತಗಳು ಕಡಿಮೆ, ಹಾಗಾಗಿ ಮೊದಲ ದಿನದಿಂದಲೇ ಓಟ ಬಿಸಿ ಏರುತ್ತದೆ.

ಅಣ್ಣನ ಸೈಕಲ್‌ಗೆ ಹೊಸ ಬ್ರೇಕ್ ಪ್ಯಾಡ್, ಟೈರ್ ಬಿರುಕು ಬಿಟ್ಟಿದ್ದರೆ ಟೈರ್, ಚೈನಿಗೆ ಎಣ್ಣೆ ಹಾಕಿಸಿ. ಬೆಳಿಗ್ಗೆ ಗೆಳೆಯರೊಬ್ಬರ ಜೊತೆ ಹೊರಡಿ. ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಗಾಳಿಯ ಜೊತೆ ಇರುವ ದಾರಿ ಆರಿಸಿಕೊಳ್ಳಿ. ಇದು ತಪ್ಪಿದರೆ ದಣಿದ ಕಾಲಿನಲ್ಲಿ ಎದುರುಗಾಳಿ ತಿನ್ನಬೇಕಾಗುತ್ತದೆ. ಸರದಿಯಲ್ಲಿ ಒಬ್ಬರ ಹಿಂದೆ ಒಬ್ಬರು ತುಳಿದು ನೋಡಿ. ಹೊಸಬರು ಮುಂದಿನ ಚಕ್ರದಿಂದ ಒಂದು ಸೈಕಲ್ ಉದ್ದದ ಅಂತರ ಬಿಡಬೇಕು. ಅಷ್ಟು ದೂರದಲ್ಲೂ ಆಸರೆ ಗೊತ್ತಾಗುತ್ತದೆ. ಮುಂದೆ ಇರುವವರು “ಗುಂಡಿ”, “ಹಂಪ್” ಅಂತ ಕೂಗಬೇಕು. ಲಾರಿ, ಟೆಂಪೋ ಹಿಂದೆ ಈ ಪ್ರಯೋಗ ಯಾವತ್ತೂ ಬೇಡ.

ಪ್ರಶ್ನೆ: 25 ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಅಂಗಡಿಯಲ್ಲಿ ದಪ್ಪ ಟೈರಿನ, ಸಸ್ಪೆನ್ಷನ್ ಇರುವ ಸೈಕಲ್ ತಗೊಳ್ಳಿ ಅನ್ನುತ್ತಾರೆ. ನನಗೆ ರೇಸಿನವರ ಹಾಗೆ ಬಾಗಿದ ಹ್ಯಾಂಡಲ್ ಬೇಕು ಅನ್ನಿಸುತ್ತದೆ. ಯಾವುದು ಸರಿ? — ಶಿವಮೊಗ್ಗದ ಓದುಗರು

ಉತ್ತರ: ಸದ್ಯಕ್ಕೆ ಎರಡೂ ಬೇಡ. ಈ ಬೆಲೆಯಲ್ಲಿ ಬರುವ ಸಸ್ಪೆನ್ಷನ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಭಾರ ಮಾತ್ರ ಜಾಸ್ತಿ ಮಾಡುತ್ತದೆ. ಆಗುಂಬೆ ಕಡೆ ಏರು ಹತ್ತುವಾಗ ಅದು ನಿಮ್ಮ ಶಕ್ತಿಯನ್ನೂ ನುಂಗುತ್ತದೆ. ಬಾಗಿದ ಹ್ಯಾಂಡಲ್‌ನ ಒಳ್ಳೆಯ ರೋಡ್ ಬೈಕ್‌ಗೆ ಇನ್ನೂ ಸಾಕಷ್ಟು ಹಣ ಬೇಕು. ಗಟ್ಟಿ ಫೋರ್ಕ್, 32ರಿಂದ 38 ಮಿ.ಮೀ. ಅಗಲದ ಟೈರ್ ಇರುವ ಹೈಬ್ರಿಡ್ ನೋಡಿ, ಅಂದರೆ ಈ ಎರಡರ ನಡುವಿನ ಸೈಕಲ್. 20 ಸಾವಿರದ ಆಚೀಚೆ ಸಿಗುತ್ತದೆ. ಉಳಿದ ಹಣದಲ್ಲಿ ಹೆಲ್ಮೆಟ್, ಮುಂದೆ ಬಿಳಿ ಹಿಂದೆ ಕೆಂಪು ಲೈಟ್, ಸಣ್ಣ ಪಂಪ್, ಒಂದು ಹೆಚ್ಚುವರಿ ಟ್ಯೂಬ್, ಟೈರ್ ಲಿವರ್ ಕೊಳ್ಳಿ. ಮಳೆಗಾಲಕ್ಕೆ ಮಡ್‌ಗಾರ್ಡ್ ಹಾಕಿಸಿ.

ಬ್ರ್ಯಾಂಡ್‌ಗಿಂತ ಅಳತೆ ಮುಖ್ಯ. ಫ್ರೇಮ್ ದೊಡ್ಡದಾದರೆ ಯಾವ ಹೊಂದಾಣಿಕೆಯಿಂದಲೂ ಸರಿಹೋಗುವುದಿಲ್ಲ. ಅಂಗಡಿಯವರು ಒಂದು ಸುತ್ತು ತುಳಿಯಲು ಬಿಡದಿದ್ದರೆ ಬೇರೆ ಅಂಗಡಿಗೆ ಹೋಗಿ. ಮನೆಗೆ ತಂದ ಮೇಲೆ ಚಕ್ರ ಬಿಚ್ಚಿ ಟ್ಯೂಬ್ ಬದಲಿಸುವುದನ್ನು ಅಂಗಳದಲ್ಲೇ ಒಮ್ಮೆ ಕಲಿತುಬಿಡಿ. ಮಳೆಯಲ್ಲಿ, ಊರಿಂದ ಇಪ್ಪತ್ತು ಕಿ.ಮೀ. ಆಚೆ ಕಲಿಯುವ ಕೆಲಸ ಅಲ್ಲ ಅದು.

ಪ್ರಶ್ನೆ: ನನಗೆ 43 ವರ್ಷ. ಮೂರು ತಿಂಗಳಿಂದ ಬೆಳಿಗ್ಗೆ ಸೈಕಲ್ ತುಳಿಯುತ್ತಿದ್ದೇನೆ. ಮಂಡಿಯ ಮುಂಭಾಗ ನೋವು, ಅಂಗೈ ಜೋಮು ಹಿಡಿಯುತ್ತದೆ. ಈ ವಯಸ್ಸಿಗೆ ಇದು ಆಗಿಬರುವುದಿಲ್ಲ ಅಂತ ಮನೆಯವರು ಹೇಳುತ್ತಿದ್ದಾರೆ. — ಬೆಂಗಳೂರಿನ ಓದುಗರು

ಉತ್ತರ: ವಯಸ್ಸಿಗಿಂತ ಮೊದಲು ನಿಮ್ಮ ಸೀಟಿನ ಎತ್ತರವನ್ನು ಅನುಮಾನಿಸುತ್ತೇನೆ. ನಮ್ಮಲ್ಲಿ ಹೆಚ್ಚಿನವರು ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಊರುವ ಹಾಗೆ ಸೀಟು ಇಳಿಸಿಕೊಳ್ಳುತ್ತಾರೆ. ಧೈರ್ಯಕ್ಕೆ ಒಳ್ಳೆಯದು, ಮಂಡಿಗೆ ಕೆಟ್ಟದ್ದು. ಮಂಡಿ ತುಂಬಾ ಮಡಚಿದ ಸ್ಥಿತಿಯಲ್ಲೇ ಒತ್ತಬೇಕಾಗುತ್ತದೆ. ಗಂಟೆಗೆ ಸಾವಿರಾರು ಸಲ.

ಹೀಗೆ ಮಾಡಿ. ಗೋಡೆಯ ಪಕ್ಕ ಸೈಕಲ್ ನಿಲ್ಲಿಸಿ, ದಿನಾ ಹಾಕುವ ಶೂ ಹಾಕಿಕೊಂಡು ಸೀಟಿನ ಮೇಲೆ ಕೂರಿ. ಒಂದು ಕೈ ಗೋಡೆಯ ಮೇಲಿರಲಿ. ಪೆಡಲ್ ತೀರಾ ಕೆಳಗೆ ಬರುವಂತೆ ತಿರುಗಿಸಿ ಅದರ ಮೇಲೆ ಹಿಮ್ಮಡಿ ಇಡಿ. ಈಗ ಕಾಲು ಪೂರ್ತಿ ನೇರವಾಗಬೇಕು. ಮಂಡಿ ಮಡಚಿದ್ದರೆ ಸೀಟು ಏರಿಸಿ. ಹಿಮ್ಮಡಿ ಎಟುಕಲು ಸೊಂಟ ಒಂದು ಕಡೆ ವಾಲಿಸಬೇಕಾದರೆ ಇಳಿಸಿ. ಆಮೇಲೆ ತುಳಿಯುವಾಗ ಬೆರಳುಗಳ ಬುಡದ ದಪ್ಪ ಭಾಗ ಪೆಡಲ್ ಮೇಲಿರಲಿ. ಆಗ ಮಂಡಿ ಕೆಳಗಿನ ತುದಿಯಲ್ಲಿ ಸ್ವಲ್ಪವೇ ಮಡಚಿರುತ್ತದೆ, ಬೇಕಾದದ್ದು ಅಷ್ಟೇ. ಎತ್ತರದ ವ್ಯತ್ಯಾಸ ಜಾಸ್ತಿ ಇದ್ದರೆ ಒಂದೇ ದಿನ ಏರಿಸಬೇಡಿ. ಅರ್ಧ ಸೆಂ.ಮೀ. ಏರಿಸಿ, ಎರಡು ಮೂರು ದಿನ ತುಳಿದು, ಮತ್ತೆ ಏರಿಸಿ. ಮಂಡಿಯ ಹಿಂಭಾಗ ನೋಯಲು ಶುರುವಾದರೆ ಜಾಸ್ತಿ ಆಯಿತು ಅಂತ ಅರ್ಥ.

ಇಷ್ಟು ಎತ್ತರದಲ್ಲಿ ನಿಲ್ಲುವುದು ಹೇಗೆ ಅನ್ನುವ ಭಯ ಬರುತ್ತದೆ. ಬ್ರೇಕ್ ಹಿಡಿಯುತ್ತಾ ಸೀಟಿನಿಂದ ಮುಂದಕ್ಕೆ ಜಾರಿ, ಒಂದು ಕಾಲು ಕೆಳಗಿನ ಪೆಡಲ್ ಮೇಲಿಟ್ಟು ಇನ್ನೊಂದನ್ನು ನೆಲಕ್ಕೆ ಊರಿ. ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಅಭ್ಯಾಸ ಸಾಕು.

ಎರಡನೆಯದು ಗಿಯರ್. ಭಾರದ ಗಿಯರ್ ಒತ್ತಿದರೆ ವ್ಯಾಯಾಮ ಜಾಸ್ತಿ ಅನ್ನುವ ನಂಬಿಕೆ ಇದೆ. ಮಂಡಿ ಕೆಡುವುದು ಅಲ್ಲಿಂದಲೇ. ಹಗುರ ಗಿಯರ್ ಹಾಕಿ, ಕಾಲು ನಿಮಿಷಕ್ಕೆ 75–85 ಸುತ್ತು ತಿರುಗಲಿ. ಬಲ ಮಂಡಿ ಮೇಲೆ ಬಂದದ್ದನ್ನು ಅರ್ಧ ನಿಮಿಷ ಎಣಿಸಿ, ನಲವತ್ತರ ಆಸುಪಾಸು ಇದ್ದರೆ ಸರಿ. ಟಿವಿಯಲ್ಲಿ ಬೆಟ್ಟ ಹತ್ತುವ ಸವಾರರ ಕಾಲು ನೋಡಿ, ಎಷ್ಟು ಚುರುಕಾಗಿ ತಿರುಗುತ್ತದೆ!

ಅಂಗೈ ಜೋಮು ಹಿಡಿಯುವುದು ಮೈಭಾರ ಕೈಮೇಲೆ ಬೀಳುವುದರಿಂದ. ಸೀಟಿನ ಮೂಗು ಕೆಳಗೆ ಬಾಗಿದೆಯಾ ನೋಡಿ, ಮಟ್ಟವಾಗಿ ಇಡಿ. ಮೊಣಕೈ ಸಡಿಲ ಇರಲಿ. ಟೈರ್ ಕಲ್ಲಿನಂತೆ ಗಟ್ಟಿ ಇದ್ದರೆ ಸ್ವಲ್ಪ ಗಾಳಿ ಬಿಡಿ. ಇಷ್ಟಾದ ಮೇಲೂ ಎರಡು ಮೂರು ವಾರದಲ್ಲಿ ನೋವು ಇಳಿಯದಿದ್ದರೆ, ಅಥವಾ ಮಂಡಿ ಊದಿಕೊಂಡರೆ ಮೂಳೆ ವೈದ್ಯರಿಗೆ ತೋರಿಸಿ. ಮನೆಯವರಿಗೆ ಹೇಳಿ: 43 ಈ ಕೆಲಸಕ್ಕೆ ಒಳ್ಳೆಯ ವಯಸ್ಸು.

ಪ್ರಶ್ನೆ: ಆ ಬಿಗಿ ಬಟ್ಟೆ, ಪೆಡಲ್‌ಗೆ ಸಿಕ್ಕಿಸುವ ಶೂ ಬೇಕೇ ಬೇಕಾ? — ಉಡುಪಿಯ ಓದುಗರು

ಉತ್ತರ: ಶೂ ಬೇಡ. ಪ್ಯಾಡ್ ಇರುವ ಚಡ್ಡಿ ಮಾತ್ರ ಒಂದು ಗಂಟೆಗಿಂತ ಜಾಸ್ತಿ ತುಳಿಯುವವರಿಗೆ ಬೇಕು. ಅದರೊಳಗೆ ಒಳಉಡುಪು ಹಾಕಬಾರದು, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಬಿಗಿ ಅನ್ನಿಸಿದರೆ ಮೇಲೆ ಸಡಿಲ ನಿಕ್ಕರ್ ಹಾಕಿಕೊಳ್ಳಿ.

ಪ್ರಶ್ನೆ: ನಿವೃತ್ತಿಗೆ ಹತ್ತಿರ ಇದ್ದೇನೆ. ರೇಸ್ ಮಾಡುವ ವಯಸ್ಸಲ್ಲ. ಯುರೋಪಿನ ಓಟ ನೋಡಿ ಖುಷಿಪಡುವುದು ಸರಿ, ನಮ್ಮ ಕಡೆ ನೋಡಲಿಕ್ಕೆ, ಪಾಲ್ಗೊಳ್ಳಲಿಕ್ಕೆ ಏನಿದೆ? — ದಾವಣಗೆರೆಯ ಓದುಗರು

ಉತ್ತರ: ನೋಡಲಿಕ್ಕೆ ವಿಜಯಪುರ, ಬಾಗಲಕೋಟೆ ಕಡೆ ಹೋಗಿ. ರಾಜ್ಯದ ಸೈಕ್ಲಿಂಗ್‌ನ ತವರು ಅದು. ಅಲ್ಲಿನ ಹಳ್ಳಿಗಳ ಮಕ್ಕಳು ಕ್ರೀಡಾ ವಸತಿ ನಿಲಯಗಳಲ್ಲಿ ಪಳಗಿ ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ, ಕೆಲವರು ಆ ಬಲದಿಂದಲೇ ರೈಲ್ವೆ ಕೆಲಸಕ್ಕೆ ಸೇರಿದ್ದಾರೆ. ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ನಡೆಯುತ್ತದೆ. ಮೈಸೂರು ದಸರಾದಲ್ಲೂ ಸೈಕಲ್ ಓಟ ನೋಡಬಹುದು. ರಸ್ತೆ ಪಕ್ಕ ನಿಂತು ಗುಂಪು ಹಾದುಹೋಗುವ ಸದ್ದು ಒಮ್ಮೆ ಕೇಳಿದರೆ ಟಿವಿಯಲ್ಲಿ ಸಿಗದ ಏನೋ ಸಿಗುತ್ತದೆ.

ಪಾಲ್ಗೊಳ್ಳಲಿಕ್ಕೆ ನಾನು ಹೇಳುವುದು ಬ್ರೆವೆ. ಇದು ರೇಸ್ ಅಲ್ಲ. ಗೆದ್ದವರು, ಸೋತವರು ಅಂತ ಇರುವುದಿಲ್ಲ. 200 ಕಿ.ಮೀ.ಯನ್ನು 13 ಗಂಟೆ 30 ನಿಮಿಷದಲ್ಲಿ ಮುಗಿಸಬೇಕು, ನಡುವೆ ಗೊತ್ತಾದ ಜಾಗಗಳಲ್ಲಿ ಗುರುತು ಹಾಕಿಸಿಕೊಳ್ಳಬೇಕು. ಊಟ, ಚಹಾ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಬಂದರೆ ಸಾಕು. ನಿಮ್ಮ ವಯಸ್ಸಿನವರು ಇದರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ತಾಳ್ಮೆ ಇರುವವರ ಆಟ ಇದು, ಅಲ್ವಾ?

ಶುರು ಮಾಡುವ ಮುಂಚೆ ವೈದ್ಯರ ಹತ್ತಿರ ಹೃದಯ, ರಕ್ತದೊತ್ತಡ ನೋಡಿಸಿಕೊಳ್ಳಿ. ವಾರಕ್ಕೆ ಮೂರು ದಿನ ಒಂದೊಂದು ಗಂಟೆ, ಭಾನುವಾರ ಸ್ವಲ್ಪ ಉದ್ದ. ಆ ಉದ್ದವನ್ನು ವಾರಕ್ಕೆ ಐದು, ಹತ್ತು ಕಿ.ಮೀ. ಏರಿಸುತ್ತಾ 120ರವರೆಗೆ ತನ್ನಿ. ಮಾತಾಡುತ್ತಾ ತುಳಿಯಲು ಆಗುವಷ್ಟು ವೇಗ ಇರಲಿ. ಹೊರಡುವ ಮುಂಚೆ ಎರಡು ಇಡ್ಲಿ. ಆಮೇಲೆ ಹಸಿವಾಗುವ ತನಕ ಕಾಯಬೇಡಿ: ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ, ಗಂಟೆಗೆ ಒಂದು ಬಾಟಲಿ ನೀರು, ಬಿಸಿಲಿದ್ದರೆ ಉಪ್ಪು ಸಕ್ಕರೆ ಬೆರೆಸಿ. ಹೊಟ್ಟೆ ಖಾಲಿಯಾಗಿ ಕಾಲು ನಿಂತುಹೋದರೆ ಮತ್ತೆ ಚೇತರಿಸಿಕೊಳ್ಳಲು ಬಹಳ ಹೊತ್ತು ಬೇಕು. ನವೆಂಬರ್‌ನಿಂದ ಫೆಬ್ರುವರಿ ನಮ್ಮ ಕಡೆ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ದಾವಣಗೆರೆ ಬಿಸಿಲಲ್ಲಿ ಮೊದಲ ಬ್ರೆವೆ ಬೇಡ.

200 ದಾಟಿ ಇನ್ನೂ ಆಸೆ ಉಳಿದರೆ 300, 400, 600 ಇವೆ. ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ವಾಪಸು ಬರುವ 1,200 ಕಿ.ಮೀ.ಗಳ ಹಳೆಯ ಸವಾರಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 1891ರಲ್ಲಿ, ಟೂರ್ ಹುಟ್ಟುವ 12 ವರ್ಷ ಮೊದಲೇ ಶುರುವಾದದ್ದು. ಅದರ ಗರಿಷ್ಠ ಸಮಯ 90 ಗಂಟೆ. ಹಿಂದಿನದು 2023ರಲ್ಲಿ ಆಯಿತು, ಮುಂದಿನದು 2027ರಲ್ಲಿ. ಅದಕ್ಕೆ ಹೋಗಬೇಕಾದರೆ ಅದೇ ವರ್ಷ ಈ ನಾಲ್ಕೂ ಬ್ರೆವೆಗಳನ್ನು ಮುಗಿಸಿರಬೇಕು. ಅದು ಆಮೇಲಿನ ಮಾತು. ಈ ಭಾನುವಾರಕ್ಕೆ ಹರಿಹರದವರೆಗೆ ಹೋಗಿ, ಚಹಾ ಕುಡಿದು ವಾಪಸು ಬನ್ನಿ.