ಒಂದಕ್ಕೆ ಎರಡು ಗಿಡ ನೆಟ್ಟರೆ ಸಾಕೇ?

ಪ್ರಶ್ನೆ: ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಉಪನ್ಯಾಸಕಿ. ನಮ್ಮ ಪರಿಸರ ಸಂಘದ ವಿದ್ಯಾರ್ಥಿಗಳು ಕಾಲೇಜಿಗೆ ನೋಟ್‌ಬುಕ್ ಪೂರೈಸುವ ಕಂಪನಿಗೆ ಪತ್ರ ಬರೆದು, ಕಾಗದವನ್ನು ಯಾವುದರಿಂದ ಮಾಡುತ್ತೀರಿ ಎಂದು ಕೇಳಿದ್ದರು. ‘ನಮ್ಮದು ಪರಿಸರಸ್ನೇಹಿ ಕಾಗದ, ಒಂದು ಮರ ಕಡಿದರೆ ಎರಡು ಗಿಡ ನೆಡುತ್ತೇವೆ’ ಎಂಬ ಚುಟುಕು ಉತ್ತರ ಬಂತು. ಮಕ್ಕಳಿಗೆ ಸಮಾಧಾನವಾಗಿಲ್ಲ, ಮುಂದೇನು ಕೇಳಬೇಕೆಂಬುದೂ ತಿಳಿಯುತ್ತಿಲ್ಲ. ದೊಡ್ಡ ಕಂಪನಿಗಳು ಇಂತಹ ಒತ್ತಾಯಕ್ಕೆ ಮಣಿದ ಉದಾಹರಣೆಗಳಿವೆಯೇ?
— ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಮಕ್ಕಳಿಗೆ ಸಮಾಧಾನವಾಗದಿದ್ದುದು ಸರಿಯಾಗಿಯೇ ಇದೆ. ಎರಡು ಗಿಡ ನೆಡುತ್ತೇವೆ ಎಂದವರು ಯಾವ ಗಿಡ, ಯಾರ ನೆಲದಲ್ಲಿ ಎಂಬುದನ್ನು ಹೇಳಿಲ್ಲ. ಆ ಎರಡು ಪ್ರಶ್ನೆಗಳಿಗಾಗಿ ನಮ್ಮದೇ ತುಂಗಭದ್ರೆಯ ಮೇಲ್ಭಾಗದಲ್ಲಿ ದೊಡ್ಡ ಹೋರಾಟವೇ ನಡೆದಿದೆ. 1984ರಲ್ಲಿ ರಾಜ್ಯ ಸರ್ಕಾರವು ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನಿನಲ್ಲಿ ನೀಲಗಿರಿಯಂತಹ ತಿರುಳಿನ ಮರಗಳನ್ನು ಬೆಳೆಸಲು ಮುಂದಾಯಿತು. ಆ ತಿರುಳು, ಅಂದರೆ ಮರದಿಂದ ತೆಗೆದ ನಾರಿನ ಮುದ್ದೆ, ಕಾಗದಕ್ಕಲ್ಲ, ರೇಯಾನ್ ನೂಲಿಗೆ ಹೋಗುವಂಥದ್ದು. ಆದರೆ ಮರ ಮತ್ತು ನೆಲದ ಲೆಕ್ಕ ಎರಡಕ್ಕೂ ಒಂದೇ. ಕಡತದಲ್ಲಿ ಪಾಳು ಎಂದು ಬರೆದಿದ್ದ ಆ ಜಮೀನು ಊರ ದನಕರು ಮೇಯುತ್ತಿದ್ದ, ಬಡವರು ಸೌದೆ ಆರಿಸಿಕೊಳ್ಳುತ್ತಿದ್ದ ಜಾಗವಾಗಿತ್ತು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ ಮತ್ತು ಅವರ ಸಂಗಡಿಗರು ರೈತರ ಜೊತೆ ನಿಂತರು; ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಸಲ್ಲಿಕೆಯಾದ ಅರ್ಜಿಯ ಮುಂಚೂಣಿಯಲ್ಲಿದ್ದರು. 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ, ಜನರು ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡಗಳನ್ನು ಹಚ್ಚಿದರು. ‘ಕಿತ್ತಿಕೊ-ಹಚ್ಚಿಕೊ’ ಎಂದೇ ಆ ಸತ್ಯಾಗ್ರಹಕ್ಕೆ ಹೆಸರಾಯಿತು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲು ಸರ್ಕಾರವೇ ನಿರ್ಧರಿಸಿತು. ಗಿಡ ನೆಡುವುದೆಲ್ಲ ಕಾಡು ಬೆಳೆಸುವುದಲ್ಲ ಎಂಬುದನ್ನು ಕುಸನೂರಿನವರಷ್ಟು ಸ್ಪಷ್ಟವಾಗಿ ತೋರಿಸಿದವರು ಕಡಿಮೆ. ಆದ್ದರಿಂದ ನೆಡುತೋಪು ಯಾವ ಜಿಲ್ಲೆಯಲ್ಲಿದೆ, ರೈತರ ಸ್ವಂತ ಹೊಲದ್ದೋ ಗೋಮಾಳದ್ದೋ, ಅದಕ್ಕೂ ಮುಂಚೆ ಅಲ್ಲಿ ಏನಿತ್ತು ಎಂಬುದನ್ನು ಮೊದಲು ಕೇಳಿ.

ಇನ್ನು ಕಾಗದದ್ದೇ ಉದಾಹರಣೆ ಬೇಕೆಂದರೆ, ಅಮೆರಿಕದ ಸ್ಟೇಪಲ್ಸ್ ಎಂಬ ಕಚೇರಿ ಸಾಮಗ್ರಿ ಮಾರುವ ಕಂಪನಿಯನ್ನು ನೋಡಬಹುದು. ಫಾರೆಸ್ಟ್ ಎಥಿಕ್ಸ್ ಮತ್ತು ಡಾಗ್‌ವುಡ್ ಅಲಯನ್ಸ್ ಎಂಬ ಸಂಘಟನೆಗಳು ಸುಮಾರು ಎರಡು ವರ್ಷ ಅದರ ಅಂಗಡಿಗಳ ಮುಂದೆ ಪ್ರತಿಭಟಿಸಿದ ಮೇಲೆ, 2002ರ ನವೆಂಬರ್‌ನಲ್ಲಿ ಆ ಕಂಪನಿಯು ತಾನು ಮಾರುವ ಕಾಗದದಲ್ಲಿ ಸರಾಸರಿ ಶೇ. 30ರಷ್ಟು ಬಳಸಿ ಬಿಸಾಡಿದ ಕಾಗದದ ನಾರು ಇರುವಂತೆ ಮಾಡುವ ಮತ್ತು ಅಳಿವಿನಂಚಿನ ಕಾಡುಗಳಿಂದ ಬಂದ ಕಾಗದವನ್ನು ಕೈಬಿಡುತ್ತ ಹೋಗುವ ನೀತಿಯನ್ನು ಪ್ರಕಟಿಸಿತು. ಸ್ಟೇಪಲ್ಸ್ ಕಾಗದ ತಯಾರಿಸುವ ಕಂಪನಿಯಲ್ಲ, ಮಾರುವ ಕಂಪನಿ. ಗಿರಣಿಯವರು ಯಾರ ಮಾತಿಗೂ ಕಿವಿಗೊಡದಿರಬಹುದು, ದೊಡ್ಡ ಗಿರಾಕಿಯ ಮಾತನ್ನು ಮಾತ್ರ ತೆಗೆದುಹಾಕಲಾರರು ಎಂಬುದನ್ನು ಆ ಕಾರ್ಯಕರ್ತರು ಸರಿಯಾಗಿ ಗುರುತಿಸಿದ್ದರು.

ಮಕ್ಕಳ ಮುಂದಿನ ಪತ್ರದಲ್ಲಿ ‘ಪರಿಸರಸ್ನೇಹಿ’ ಎಂಬ ಪದವೇ ಬೇಡ. ಮೊನ್ನೆ ಬಳ್ಳಾರಿಯ ಪುಸ್ತಕದಂಗಡಿಯೊಂದರಲ್ಲಿ ನೋಟ್‌ಬುಕ್‌ಗಳ ಹಿಂಬದಿಯ ರಟ್ಟನ್ನು ಒಂದೊಂದಾಗಿ ತಿರುವಿ ನೋಡಿದೆ. ಬೆಲೆ, ಅಳತೆ, ಪುಟಗಳ ಸಂಖ್ಯೆಗಳ ಪಕ್ಕದಲ್ಲಿ ಕೆಲವುಗಳ ಮೇಲೆ ಬರೀ ಹಸಿರು ಎಲೆಯ ಚಿತ್ರವಿತ್ತು. ಅದನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಕಾಡನ್ನು ಜವಾಬ್ದಾರಿಯಿಂದ ನೋಡಿಕೊಳ್ಳುವವರಿಗೆ ಪ್ರಮಾಣಪತ್ರ ಕೊಡಿಸಲು 1993ರಲ್ಲಿ ಆರಂಭವಾದ ಎಫ್‌ಎಸ್‌ಸಿ (ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಸಂಸ್ಥೆಯ ಗುರುತಿದ್ದರೆ ಅದರ ಜೊತೆ ಸಿ ಅಕ್ಷರದಿಂದ ಶುರುವಾಗುವ ಆರು ಅಂಕಿಯ ಪರವಾನಗಿ ಸಂಖ್ಯೆ ಇರಬೇಕು, ಮತ್ತು ಅದು ಯಾರದೆಂದು ಆ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಆ ಗುರುತಿನಲ್ಲಿಯೂ ‘ಮಿಕ್ಸ್’ ಎಂದಿದ್ದರೆ ನಾರೆಲ್ಲವೂ ಪ್ರಮಾಣಿತ ಕಾಡಿನದೇ ಆಗಿರಬೇಕೆಂದಿಲ್ಲ. ‘ಮರುಬಳಕೆ ಕಾಗದ’ ಎಂದವರನ್ನೂ ಬಿಡಬೇಡಿ: ಗಿರಣಿಯಲ್ಲಿ ಅಂಚು ಕತ್ತರಿಸುವಾಗ ಉಳಿದ ಚೂರುಗಳೆಷ್ಟು, ಜನರು ಓದಿ ಬರೆದು ರದ್ದಿಗೆ ಹಾಕಿದ ಕಾಗದವೆಷ್ಟು ಎಂದು ಬೇರೆ ಬೇರೆಯಾಗಿ ಕೇಳಬೇಕು. ಕಾಡಿನ ಮೇಲಿನ ಹೊರೆಯನ್ನು ನಿಜಕ್ಕೂ ಇಳಿಸುವುದು ಎರಡನೆಯದೇ.

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಮಕ್ಕಳು ಭತ್ತದ ಹುಲ್ಲಿನಿಂದ ಕಾಗದ ಮಾಡಬಾರದೇಕೆ ಎಂದು ಕೇಳಿಯೇ ಕೇಳುತ್ತಾರೆ, ಏಕೆಂದರೆ ಕೊಯ್ಲಿನ ನಂತರ ಗದ್ದೆಯಲ್ಲಿ ಹುಲ್ಲು ಸುಡುವುದನ್ನು ಅವರು ಕಂಡಿದ್ದಾರೆ. ಮಾಡಬಹುದು. ತಮಿಳುನಾಡು ಸರ್ಕಾರದ ಗಿರಣಿಯು 1980ರ ದಶಕದಿಂದಲೇ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುತ್ತಿದೆ. ಆದರೆ ಭತ್ತದ ಹುಲ್ಲಿನಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ, ಹೆಚ್ಚು. ಹುಲ್ಲು ಬೇಯಿಸಿದ ಮೇಲೆ ಉಳಿಯುವ ಕಪ್ಪು ದ್ರವದಿಂದ ರಾಸಾಯನಿಕಗಳನ್ನು ಮರಳಿ ಪಡೆಯುವಾಗ ಅದು ಯಂತ್ರಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಮರಳಿ ಪಡೆಯುವ ವ್ಯವಸ್ಥೆಯೇ ಇಲ್ಲದ ಗಿರಣಿಯಿಂದ ಆ ದ್ರವ ಹಳ್ಳಕ್ಕೋ ನದಿಗೋ ಸೇರಿದರೆ, ಮರ ಉಳಿಸಲು ಹೋಗಿ ನೀರು ಕೆಡಿಸಿದಂತಾಗುತ್ತದೆ. ಹರಿಹರದ ಕೆಳಗೆ 1980ರ ದಶಕದಲ್ಲಿ ಮೀನು ಸತ್ತು ತೇಲಿದ ಅದೇ ನದಿಯ ನೀರನ್ನು ಅಣೆಕಟ್ಟೆಯ ಮೂಲಕ ಈ ಮೂರು ಜಿಲ್ಲೆಗಳೂ ಬಳಸುತ್ತವೆ. ಹೀಗಾಗಿ ತ್ಯಾಜ್ಯ ನೀರಿನ ಪ್ರಶ್ನೆಯನ್ನು ನಾವು ಪತ್ರದ ಕೊನೆಗೆ ತಳ್ಳಬಾರದು. ತಿರುಳು ಮತ್ತು ಕಾಗದದ ಗಿರಣಿಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಅತಿ ಮಾಲಿನ್ಯಕಾರಕವಾದ 17 ಬಗೆಯ ಕೈಗಾರಿಕೆಗಳ ಪಟ್ಟಿಯಲ್ಲಿವೆ. ಗಿರಣಿಯ ಹೆಸರು ತಿಳಿದರೆ, ಅದಕ್ಕೆ ವಿಧಿಸಿದ ಷರತ್ತುಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಮಂಡಳಿಯಿಂದಲೇ ಕೇಳಿ ಪಡೆಯಬಹುದು.

ಇಷ್ಟೆಲ್ಲವನ್ನು ಮಕ್ಕಳ ಸಹಿಯೊಂದಿಗೆ ಮಾತ್ರ ಕಳುಹಿಸಿದರೆ ಮತ್ತೆ ಚುಟುಕು ಉತ್ತರವೇ ಬಂದೀತು. ಮುಂದಿನ ವರ್ಷಕ್ಕೆ ದರಪಟ್ಟಿ ಕರೆಯುವ ಮೊದಲು ಪ್ರಾಂಶುಪಾಲರೊಡನೆ ಮಾತನಾಡಿ, ನಾರಿನ ಮೂಲ ಮತ್ತು ಗಿರಣಿಯ ಹೆಸರನ್ನು ಬರವಣಿಗೆಯಲ್ಲಿ ಕೊಡಬೇಕೆಂಬ ಒಂದು ಷರತ್ತನ್ನು ಅದರಲ್ಲಿಯೇ ಸೇರಿಸಿ. ಮಾನ್ವಿ, ಲಿಂಗಸುಗೂರಿನ ಕಾಲೇಜುಗಳೂ ಕೈಜೋಡಿಸಿದರೆ ಕಂಪನಿಯವರೇ ನಿಮ್ಮ ಬಳಿಗೆ ಬರುತ್ತಾರೆ. ಬಂದ ಉತ್ತರದ ಪ್ರತಿಯೊಂದನ್ನು ನಮಗೂ ಕಳುಹಿಸಿಕೊಡಿ.