ಒಂದೇ ಹಡಗಿಗೆ ಎಲ್ಲ ಕೆಲಸ ಹೊರಿಸುವ ಮುಂಚೆ

ನಮ್ಮ ನೌಕಾಪಡೆಗೆ ಪೂರೈಕೆ ಹಡಗು ಹೀಗಿರಲಿ ಅಂತ ಚಿಕ್ಕಮಗಳೂರಿನಿಂದ ಇಲ್ಲಿ ಪ್ಲಾನ್ ಹಾಕಿರುವ ಗೆಳೆಯರೇ, ಡ್ರಾಯಿಂಗ್ ಚೆನ್ನಾಗಿದೆ. ಆದರೆ ಒಂದೇ ಹಡಗಿಗೆ ಇಂಧನ, ಸೇನೆಯ ಯುದ್ಧ ಟ್ಯಾಂಕ್, ಆಸ್ಪತ್ರೆ, ನಾಲ್ಕು ಹೆಲಿಕಾಪ್ಟರ್ ಎಲ್ಲ ತುಂಬಿ "ಇಂಥವು ಎರಡಿದ್ದರೆ ಸಾಕು" ಅಂದಿದ್ದೀರಲ್ಲ, ಎಡವಟ್ಟು ಅಲ್ಲೇ ಇದೆ. ಕೆನಡಾ ಮಾಡಿದ್ದೂ ಇದೇ.

ಇಂಧನವನ್ನೂ ಕೊಡಬೇಕು, ಸೇನೆಯ ವಾಹನವನ್ನೂ ಸಾಗಿಸಬೇಕು, ಅಂಥ ಮೂರು ಹಡಗು ಬೇಕು ಅಂತ ಅವರು 2004ರಲ್ಲಿ ಹೊರಟರು. 2008ರಲ್ಲಿ ಬಿಡ್‌ಗಳು ಬಜೆಟ್ ಮೀರಿದವು, ಯೋಜನೆ ನಿಂತಿತು. 2014ರಲ್ಲಿ ಅವರ ಹಳೆಯ ಪೂರೈಕೆ ಹಡಗು ಪ್ರೊಟೆಕ್ಟರ್‌ನ ಎಂಜಿನ್ ರೂಮಿಗೆ ಬೆಂಕಿ ಬಿತ್ತು. ಇನ್ನೊಂದು ಹಡಗು ಪ್ರಿಸರ್ವರ್ ತುಕ್ಕು ಹಿಡಿದಿತ್ತು. ಎರಡೂ ಸೇವೆಯಿಂದ ಹೋದವು. ಚಿಲಿ, ಸ್ಪೇನ್ ಹಡಗುಗಳ ನೆರವು ಪಡೆಯಬೇಕಾಯಿತು. ಆಮೇಲೆ ಒಂದು ಕಂಟೇನರ್ ಹಡಗನ್ನು ಮಾರ್ಪಡಿಸಿ, ಆಸ್ಟೆರಿಕ್ಸ್ ಹೆಸರಿನಲ್ಲಿ 2018ರಿಂದ ಬಾಡಿಗೆಗೆ ಓಡಿಸಿದರು. ಹೊಸದಕ್ಕೆ ಆರಿಸಿಕೊಂಡಿದ್ದು ಜರ್ಮನಿಯ ಬರ್ಲಿನ್ ಅನ್ನುವ ಪೂರೈಕೆ ಹಡಗಿನ ಮಾದರಿ, ಅದೂ ಎರಡೇ.

ನೆದರ್‌ಲ್ಯಾಂಡ್ಸ್ ಮಾತ್ರ ಇಂಥ ಎಲ್ಲ ಕೆಲಸದ ಹಡಗನ್ನು ಕಟ್ಟಿಯೇ ಬಿಟ್ಟಿತು. ಕಾರೆಲ್ ಡೋರ್ಮನ್, 204 ಮೀಟರ್ ಉದ್ದ, 2015ರಲ್ಲಿ ಸೇವೆಗೆ ಬಂತು. ನನಗೆ ತುಂಬಾ ಇಷ್ಟದ ಹಡಗು. ಆದರೂ 2020ರಲ್ಲಿ ಡೆನ್ ಹೆಲ್ಡರ್ ಅನ್ನುವ ಪ್ರತ್ಯೇಕ ಪೂರೈಕೆ ಹಡಗಿಗೆ ಆರ್ಡರ್ ಕೊಟ್ಟರು. ಸೈನ್ಯ ಇಳಿಸಲು ದಡದ ಹತ್ತಿರ ನಿಂತ ಹಡಗು ದೂರದಲ್ಲಿರುವ ಫ್ರಿಗೇಟ್ ಯುದ್ಧನೌಕೆಗೆ ಡೀಸೆಲ್ ಹೇಗೆ ಕೊಡುತ್ತದೆ? ಕಾಫಿ ಮೂಟೆ ಹೇರಿಕೊಂಡು ಹಾಸನದ ಕ್ಯೂರಿಂಗ್‌ಗೆ ಹೋದ ಪಿಕಪ್, ಅದೇ ದಿನ ತೋಟದ ಸ್ಪ್ರಿಂಕ್ಲರ್ ಪಂಪಿಗೆ ಡೀಸೆಲ್ ತರುತ್ತದಾ?

ಅದಕ್ಕೇ ನಾನು ಡ್ರಾಯಿಂಗ್ ಮುಟ್ಟುವ ಮೊದಲು 12 ತಿಂಗಳ ಪಟ್ಟಿ ಹಾಕುತ್ತೇನೆ. ಪ್ರತಿ ಹಡಗಿಗೂ ಒಂದು ಸಾಲು: ರಿಫಿಟ್ (ಯಾರ್ಡಿನಲ್ಲಿ ದೊಡ್ಡ ದುರಸ್ತಿ), ತರಬೇತಿ, ಪ್ರಯಾಣ, ಕೆಲಸ. ಎರಡು ಹಡಗಿನ ಪಟ್ಟಿ ಬರೆದು ನೋಡಿ. ಒಂದು ರಿಫಿಟ್‌ಗೆ ಹೋದರೆ ಉಳಿಯುವುದು ಒಂದೇ, ಅದಕ್ಕೆ ಎರಡು ಕಡೆಯಿಂದ ಕರೆ ಬಂದರೆ ಏನು ಮಾಡುತ್ತೀರಿ? ಈ ಪಟ್ಟಿ ಇಲ್ಲದೆ ಟನ್ ಲೆಕ್ಕ ಸುಮ್ನೆ ದಂಡ.

ಇನ್ನೊಂದು, ನೀವು ತುಂಬಿದ ಹಡಗಿನ ಲೆಕ್ಕ ಮಾತ್ರ ಕೊಟ್ಟಿದ್ದೀರಿ. ಇಂಧನ ಇರುವುದು ತಳದಲ್ಲಿ, ಟ್ಯಾಂಕ್‌ಗಳು ಮೇಲಿನ ಡೆಕ್‌ನಲ್ಲಿ. ಡೀಸೆಲ್ ಕೊಟ್ಟು ಮುಗಿದ ಮೇಲೆ ತೂಕವೆಲ್ಲ ಮೇಲೆ ಉಳಿಯುತ್ತದೆ. ಸಮತೋಲನಕ್ಕೆ ತಳದಲ್ಲಿ ತುಂಬುವ ಬ್ಯಾಲಾಸ್ಟ್ ನೀರಿಗೆ ಬೇರೆ ಟ್ಯಾಂಕಿ ಬೇಕು, ಅದಕ್ಕೆ ಜಾಗ ಎಲ್ಲಿ? ವಾಹನ ನಿಲ್ಲಿಸುವ ಸಾಲಿನ ಉದ್ದ (ಲೇನ್ ಮೀಟರ್) ಬರೆದಿದ್ದೀರಿ, ರ‍್ಯಾಂಪ್ ಎಷ್ಟು ತೂಕ ತಡೆಯುತ್ತದೆ ಅಂತಿಲ್ಲ. ನಮ್ಮ ಸೇನೆಯ ಅರ್ಜುನ್ ಮಾರ್ಕ್ 1ಎ ಟ್ಯಾಂಕ್ 68 ಟನ್ ತೂಗುತ್ತದೆ, ಟಿ-90 ಸುಮಾರು 46. ದಯವಿಟ್ಟು ಇದನ್ನು ಬಿಡಬೇಡಿ.

ಫೆರಿ ಹಡಗಿನ ಹಲ್ (ಹೊರಮೈ) ತೆಗೆದುಕೊಳ್ಳುವುದಾದರೆ ನ್ಯೂಜಿಲೆಂಡ್ ನೌಕಾಪಡೆಯ ಕ್ಯಾಂಟರ್ಬರಿ ಹಡಗು ನೋಡಿ. ದೋಣಿಗಳನ್ನು ಪಕ್ಕದಲ್ಲಿ ತೀರಾ ತಗ್ಗಿಗೆ ಇಟ್ಟಿದ್ದರು. 2007ರಲ್ಲಿ ದೊಡ್ಡ ಅಲೆಗೆ ಒಂದು ದೋಣಿ ಕೊಚ್ಚಿ ಹೋಯಿತು.

ನಮ್ಮ ನೌಕಾಪಡೆ ಕೆಲಸಗಳನ್ನು ಬೇರೆಯೇ ಇಟ್ಟಿದೆ, ನನಗೆ ಅದೇ ಸರಿ ಅನ್ನಿಸುತ್ತದೆ. ಇಂಧನಕ್ಕೆ 27,500 ಟನ್ನಿನ ದೀಪಕ್, ಶಕ್ತಿ. ಸೈನ್ಯ ಇಳಿಸಲು ಜಲಾಶ್ವ. ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ಗೆ 2023ರಲ್ಲಿ ಇನ್ನೂ ಐದು ಪೂರೈಕೆ ಹಡಗುಗಳ ಆರ್ಡರ್ ಕೊಟ್ಟಿದ್ದಾರೆ.

ಮಾಡೆಲ್ ಕಟ್ಟುವುದಾದರೆ ದೀಪಕ್‌ನಿಂದ ಶುರು ಮಾಡಿ. ಪ್ಲಾಸ್ಟಿಕ್ ಶೀಟಿಗೆ ಟಾಮಿಯಾ ಕಂಪನಿಯ ತೆಳು ಸಿಮೆಂಟ್ ಅನ್ನುವ ಅಂಟು ತಗೊಳ್ಳಿ, ಕಾಸು ಜಾಸ್ತಿ ಆದರೂ ಪರವಾಗಿಲ್ಲ. ನಿಮ್ಮ ಕಡೆಯ ಮಳೆಗಾಲದ ತೇವದಲ್ಲಿ ಇನ್‌ಸ್ಟಂಟ್ ಗ್ಲೂ ಬಿಳಿ ಪೊರೆ ಕಟ್ಟುತ್ತದೆ, ಕ್ರೇನ್ ಮತ್ತು ಹೋಸ್ ಕಂಬಗಳಿಗಂತೂ ಅದು ಬೇಡವೇ ಬೇಡ. ಪಟ್ಟಿ ಮತ್ತು ಅರ್ಧ ಖಾಲಿ ಹಡಗಿನ ಲೆಕ್ಕ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.