ಹೈಬ್ರಿಡ್ಡೋ ಇವಿಯೋ? ಶೋರೂಮಿಗೆ ಹೋಗುವ ಮೊದಲು ಮನೆಯ ಅರ್ತಿಂಗ್ ನೋಡಿ

ಸಾಗರದ ಹತ್ತಿರ ತೋಟ, ದಿನಾ ಪೇಟೆಗೆ ಹೋಗಿ ಬರಲು 30 ಕಿ.ಮೀ., ತಿಂಗಳಿಗೊಮ್ಮೆ ಬೆಂಗಳೂರು, ಆಗಾಗ ಹೊನ್ನಾವರದಲ್ಲಿ ಮಗಳ ಮನೆ ಅಂತ ಬರೆದಿದ್ದೀರಿ. ಪೆಟ್ರೋಲ್ ಎಂಜಿನ್, ಕರೆಂಟ್ ಮೋಟಾರ್ ಎರಡೂ ಇರುವ ಹೈಬ್ರಿಡ್ ತಗೊಂಡರೂ ಅರ್ಧ ಕರೆಂಟಲ್ಲೇ ಓಡುತ್ತಲ್ವಾ, ಮತ್ತೆ ಇವಿ, ಅಂದರೆ ಪೂರ್ತಿ ಬ್ಯಾಟರಿಯಲ್ಲೇ ಓಡುವ ಕಾರು, ಯಾಕೆ ಅನ್ನೋದು ನಿಮ್ಮ ಪ್ರಶ್ನೆ. ಅದಕ್ಕೆ ಇಲ್ಲಿ ಒಬ್ಬರು ಹೌದು, ಅರ್ಧ ಕರೆಂಟಲ್ಲೇ ಓಡುತ್ತದೆ ಅಂತ ಉತ್ತರ ಹೇಳಿಯೂ ಬಿಟ್ಟಿದ್ದಾರೆ. ಅದು ಸರಿಯಲ್ಲ.

ಇಲ್ಲಿ ಸಾಮಾನ್ಯವಾಗಿ ಸಿಗುವ ಹೈಬ್ರಿಡ್ ಕಾರುಗಳಿಗೆ ಚಾರ್ಜಿಂಗ್ ಪ್ಲಗ್ಗೇ ಇರುವುದಿಲ್ಲ. ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿ ಹೈಬ್ರಿಡ್, ಯಾವುದನ್ನೇ ತಗೊಳ್ಳಿ, ಒಳಗೆ ಹೋಗುವುದು ಪೆಟ್ರೋಲ್ ಮಾತ್ರ. ಮೋಟಾರ್ ಓಡಿಸುವ ಕರೆಂಟೂ ಆ ಪೆಟ್ರೋಲಿನಿಂದಲೇ ಹುಟ್ಟಿದ್ದು. ಬ್ರೇಕ್ ಹಿಡಿದಾಗ ಬಿಸಿಯಾಗಿ ಹಾಳಾಗುತ್ತಿದ್ದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ನಿಧಾನವಾಗಿ ಹೋಗುವಾಗ ಅದನ್ನು ಬಳಸುತ್ತದೆ. ಜಾಹೀರಾತಿನಲ್ಲಿ ‘ತಾನೇ ಚಾರ್ಜ್ ಆಗುತ್ತದೆ’ ಅಂದಾಗ ನನಗೆ ನಗು ಬರುತ್ತದೆ. ದುಡ್ಡು ಕೊಡೋರು ನಾವೇ ಅಲ್ವಾ, ಬಂಕಿನಲ್ಲಿ!

ಇನ್ನೊಂದು ವಿಷಯದಲ್ಲಿ ಹುಷಾರು. ಹೈರೈಡರ್, ಗ್ರ್ಯಾಂಡ್ ವಿಟಾರಾ ಎರಡರಲ್ಲೂ ಮೈಲ್ಡ್ ಹೈಬ್ರಿಡ್, ಸ್ಟ್ರಾಂಗ್ ಹೈಬ್ರಿಡ್ ಎರಡೂ ಬಂದಿವೆ. ಹೆಸರು ಒಂದೇ, ಕಾರು ಬೇರೆ. ಮೈಲ್ಡ್‌ನಲ್ಲಿರುವ ಚಿಕ್ಕ ಮೋಟಾರ್ ಎಂಜಿನ್ನಿಗೆ ಸ್ವಲ್ಪ ಕೈ ಜೋಡಿಸುತ್ತದೆ ಅಷ್ಟೇ, ಎಂಜಿನ್ ಇಲ್ಲದೆ ಚಕ್ರ ತಿರುಗಿಸಲಾರದು. ಟೆಸ್ಟ್ ಡ್ರೈವ್‌ನಲ್ಲಿ ಎಂಜಿನ್ ಆಫ್ ಆಗಿದ್ದಾಗಲೂ ಕಾರು ಮುಂದೆ ಹೋಗುತ್ತದಾ ನೋಡಿ. ಹೋಗದಿದ್ದರೆ ಅದು ಮೈಲ್ಡ್.

ಈಗ ಬ್ಯಾಟರಿ. ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ನ ಬ್ಯಾಟರಿಯಲ್ಲಿ ಒಂದು ಯೂನಿಟ್ ಕರೆಂಟೂ ಹಿಡಿಯುವುದಿಲ್ಲ, ಮುಕ್ಕಾಲು ಯೂನಿಟ್ ಅಷ್ಟೇ. ಟಾಟಾ ನೆಕ್ಸಾನ್ ಇವಿಯ ದೊಡ್ಡ ಬ್ಯಾಟರಿಯಲ್ಲಿ 45 ಯೂನಿಟ್. ಒಂದು ಕೈಚೀಲ, ಇನ್ನೊಂದು ಕಣಜ. ನಿಮ್ಮ ಹೊನ್ನಾವರದ ದಾರಿಯಲ್ಲೇ ಇದು ಗೊತ್ತಾಗುತ್ತದೆ. ಮಾವಿನಗುಂಡಿ ದಾಟಿ ಗೇರುಸೊಪ್ಪೆ ಘಟ್ಟ ಇಳಿಯುವಾಗ ಸುಮಾರು 500 ಮೀಟರ್ ಕೆಳಗೆ ಬರುತ್ತೇವೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. 1600 ಕೆ.ಜಿ. ಕಾರು ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ 2 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಟೈರು, ಗಾಳಿ ತಿಂದು ಉಳಿದಿದ್ದು ಒಂದು ಯೂನಿಟ್ ಆಸುಪಾಸು. ಹೈಬ್ರಿಡ್‌ನ ಬ್ಯಾಟರಿ ಘಟ್ಟದ ಅರ್ಧದಲ್ಲೇ ತುಂಬಿಬಿಡುತ್ತದೆ. ಆಮೇಲೆ ಕಾರಿನ ವೇಗ ತಡೆಯಲು ಎಂಜಿನ್ ಸುಮ್ನೆ ಗುರ್ ಅನ್ನುತ್ತಾ ತಿರುಗುತ್ತದೆ. ಕೆಟ್ಟಿದೆ ಅಂತ ಗಾಬರಿ ಬೇಡ. ಇವಿ ಅದರ ಬಹುಪಾಲನ್ನು ವಾಪಸ್ ತುಂಬಿಕೊಳ್ಳುತ್ತದೆ, ಆದರೆ ಘಟ್ಟದ ತಲೆಯಲ್ಲೇ 100% ಚಾರ್ಜ್ ಇದ್ದರೆ ತುಂಬಲು ಜಾಗವೇ ಇರುವುದಿಲ್ಲ. ಆಗ ಬ್ರೇಕನ್ನೇ ನಂಬಬೇಕು. ಹಾಗಾಗಿ ಘಟ್ಟ ಇಳಿಯುವ ದಿನ 80–85%ಗೆ ಚಾರ್ಜ್ ನಿಲ್ಲಿಸಿ ಹೊರಡಿ.

ಖರ್ಚಿಗೆ ಬರೋಣ. ನಿಮ್ಮ ಪೇಟೆ ಓಡಾಟ ತಿಂಗಳಿಗೆ 900 ಕಿ.ಮೀ. ಹೈರೈಡರ್‌ನಂಥ ಹೈಬ್ರಿಡ್‌ಗೆ ಕಂಪನಿ 27–28 ಮೈಲೇಜ್ ಹೇಳುತ್ತದೆ, ನೀವು 20 ಅಂತ ಹಿಡಿಯಿರಿ. ಲೀಟರ್‌ಗೆ 103 ರೂಪಾಯಿ ಅಂದರೂ 4,600 ರೂಪಾಯಿ ಪೆಟ್ರೋಲ್. ಇವಿ ಒಂದು ಯೂನಿಟ್‌ಗೆ 7 ಕಿ.ಮೀ. ಕೊಟ್ಟರೆ 130 ಯೂನಿಟ್ ಬೇಕು. ಯಾರೂ ಹೇಳದ ಮಾತು ಇಲ್ಲಿದೆ: ಗೃಹಜ್ಯೋತಿ. ಈಗ ಮನೆಗೆ 80 ಯೂನಿಟ್ ಬಳಸಿ ಸೊನ್ನೆ ಬಿಲ್ ಬರುತ್ತಿದ್ದರೆ, ಕಾರು ಸೇರಿ 210 ಆಗುತ್ತದೆ. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 1,260, ಮೇಲೆ ನಿಗದಿತ ಶುಲ್ಕ. ಆದರೂ ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆ. ಬೇಕಾದರೆ ಇವಿ ಚಾರ್ಜಿಂಗ್‌ಗೇ ಬೇರೆ ಮೀಟರ್ ಕೊಡುತ್ತಾರಾ ಅಂತ ಮೆಸ್ಕಾಂನಲ್ಲಿ ವಿಚಾರಿಸಿ. ಪಂಪ್‌ಸೆಟ್ ಲೈನಿಂದ ಎಳೆಯುವ ಯೋಚನೆ ಮಾತ್ರ ಬೇಡ. ಆ ಕರೆಂಟು ನೀರೆತ್ತಲು ಕೊಟ್ಟಿದ್ದು, ಸಿಕ್ಕಿಬಿದ್ದರೆ ದಂಡ.

ಬೆಂಗಳೂರಿಗೆ 360 ಕಿ.ಮೀ. ಮೇಲೇ ಆಗುತ್ತದೆ. 45 ಯೂನಿಟ್‌ನ ಇವಿ ಹೈವೇಯಲ್ಲಿ ಸಲೀಸಾಗಿ 280 ಹೋಗಬಹುದು, ಕಂಪನಿ ಕಾಗದದ ಮೇಲೆ ಹೇಳುವ 489 ಕಿ.ಮೀ. ಮರೆತುಬಿಡಿ. ಅಂದರೆ ಕಡೂರು–ತಿಪಟೂರು ನಡುವೆ ಎಲ್ಲೋ ಒಂದು ಸಲ ನಿಲ್ಲಬೇಕು, ಊಟದ ಹೊತ್ತು ಹಿಡಿಯುತ್ತದೆ. ಹೊರಡುವ ಮೊದಲು ಚಾರ್ಜರ್ ಕೆಲಸ ಮಾಡುತ್ತಿದೆಯಾ ಅಂತ ಆ್ಯಪ್‌ನಲ್ಲಿ ನೋಡಿ, ಇನ್ನೊಂದು ಚಾರ್ಜರನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಅಲ್ಲಿನ ದರ ಮನೆಯ ದರದ ಮೂರ್ನಾಲ್ಕು ಪಟ್ಟು. ಹಬ್ಬದ ಹಿಂದಿನ ದಿನ ಕ್ಯೂ ಇದ್ದರೆ ತಲೆ ಕೆಡುತ್ತದೆ. ಈ ತಾಪತ್ರಯ ಬೇಡ ಅನ್ನೋರಿಗೆ ಹೈಬ್ರಿಡ್ಡೇ ಸರಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಹೈಬ್ರಿಡ್ ಮೈಲೇಜಿನ ಮಜಾ ಇರುವುದು ನಿಧಾನದ, ನಿಂತು ಹೋಗುವ ಓಡಾಟದಲ್ಲಿ. 100ರ ಮೇಲೆ ಓಡಿಸಿದರೆ ಆ ಲಾಭ ಕರಗುತ್ತದೆ. ಹೈರೈಡರ್‌ನಲ್ಲಿ ಬ್ಯಾಟರಿ ಹಿಂದಿರುವುದರಿಂದ ಡಿಕ್ಕಿಯೂ ಚಿಕ್ಕದು. ಬ್ಯಾಟರಿ ತಣ್ಣಗಿಡುವ ಗಾಳಿ ಕಿಂಡಿ ಎಲ್ಲಿದೆ ಅಂತ ಕೇಳಿಕೊಂಡು, ಅದರ ಮುಂದೆ ಅಡಿಕೆ ಚೀಲ ಒತ್ತಬೇಡಿ.

ನಿಮ್ಮ ಓಡಾಟಕ್ಕೆ ನನ್ನ ಮತ ಇವಿಗೇ, ಆದರೆ ಮನೆಯ ಕರೆಂಟು ಸರಿಯಿದ್ದರೆ ಮಾತ್ರ. 15 ಆಂಪ್ ಪ್ಲಗ್ಗಿನಲ್ಲಿ ಗಂಟೆಗೆ 3 ಯೂನಿಟ್ ತುಂಬುತ್ತದೆ, ದಿನದ 30 ಕಿ.ಮೀ.ಗೆ ಒಂದೂವರೆ ಗಂಟೆ ಸಾಕು. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋದರೂ ನಡೆಯುತ್ತದೆ. ತೊಂದರೆ ಕೊಡುವುದು ಅರ್ತಿಂಗ್. ನಮ್ಮ ಪಕ್ಕದೂರಿನವರೊಬ್ಬರ ಹೊಸ ಕಾರು ಏಪ್ರಿಲ್‌ನಲ್ಲಿ ಚಾರ್ಜೇ ತಗೊಳ್ಳಲಿಲ್ಲ, ಚಾರ್ಜರಿನ ಡಬ್ಬಿಯಲ್ಲಿ ಕೆಂಪು ದೀಪ. ಕಾರು ಕೆಟ್ಟಿದೆ ಅಂತ ಮನೆಯವರೆಲ್ಲ ಕಂಗಾಲು. ಲೈನ್‌ಮನ್ ಬಂದು ನೋಡಿದರೆ ಅರ್ತಿಂಗ್ ಗುಂಡಿ ಪೂರ್ತಿ ಒಣಗಿತ್ತು. ಎರಡು ಕೊಡ ನೀರು ಸುರಿದ ಮೇಲೆ ಹಸಿರು ದೀಪ ಬಂತು. ಆಮೇಲೆ ಅವರು ಹೊಸ ಗುಂಡಿ ತೆಗೆಸಿ, ಉಪ್ಪು, ಇದ್ದಿಲು ಹಾಕಿಸಿದರು.

ಹಾಗಾಗಿ ಮುಂಗಡ ಕೊಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಸಂಜೆ ಏಳರ ಹೊತ್ತಿಗೆ, ಎಲ್ಲರ ಮನೆಯಲ್ಲೂ ಕರೆಂಟು ಉರಿಯುವಾಗ, ವೋಲ್ಟೇಜ್ ಎಷ್ಟಿದೆ ನೋಡಲು ಹೇಳಿ. ನ್ಯೂಟ್ರಲ್–ಅರ್ತ್ ನಡುವೆ ಎಷ್ಟು ವೋಲ್ಟ್ ಬರುತ್ತದೆ ಅಂತಲೂ ಅಳೆಯಲಿ. ಎರಡೂ ಅಂಕಿ, ಮೀಟರ್ ಬೋರ್ಡಿನ ಫೋಟೋ ಇಲ್ಲಿ ಹಾಕಿ, ಇರುವ ಪ್ಲಗ್ಗೇ ಸಾಕಾ, ಹೊಸ ವೈರ್ ಎಳೆಸಬೇಕಾ ನೋಡಿ ಹೇಳುತ್ತೇನೆ.